ದೊಡ್ಡ ಟಯರು, ಸಣ್ಣ ಅಚ್ಚು

ನನ್ನ ಮೇಜಿನ ಮೇಲೆ ಗೇಣುದ್ದದ ಒಂದು ಉಕ್ಕಿನ ತುಂಡು ಇದೆ. ಒಂದು ತುದಿಯಲ್ಲಿ ನಟ್ಟು ಕೂರುವ ಮರೆ, ಅದರ ಹಿಂದೆ ಮೊನೆಯಾಗುತ್ತ ಬಂದ ಮೈ, ಮೈಮೇಲೆ ಕೀ ಕೂರಲು ಕೊರೆದ ಸಣ್ಣ ಕಾಲುವೆ. ಇನ್ನೊಂದು ತುದಿ ಮುರಿದಿದೆ. ಮುರಿದ ಮುಖದ ಅರ್ಧ ಭಾಗ ನಯವಾಗಿ, ಕೆರೆಯ ನೀರು ಇಳಿಯುತ್ತ ದಡದಲ್ಲಿ ಬಿಟ್ಟುಹೋದ ಗೆರೆಗಳ ಹಾಗೆ ಕಮಾನು ಕಮಾನಾಗಿದೆ. ಉಳಿದರ್ಧ ಒಡೆದ ಅಚ್ಚುಬೆಲ್ಲದಂತೆ ಹರಳುಹರಳು.

ಅರಕಲಗೂಡಿನಿಂದ ಹೊರಟು ಕೊಡ್ಲಿಪೇಟೆ, ಶನಿವಾರಸಂತೆ ದಾಟಿ ಬಿಸಿಲೆ ಕಡೆಯ ಒಂದು ಕಾಫಿ ತೋಟಕ್ಕೆ ಹೋಗುವಾಗ ಮುರಿದದ್ದು ಇದು. ಆಷಾಢದ ಮಳೆ. ಜೀಪು ಹಳೆಯದು, ಟಯರು ಹೊಸದು, ಅಗಲದ್ದು, ಎತ್ತರದ್ದು. ಏರಿನಲ್ಲಿ ಗಾಲಿ ಕೆಸರಲ್ಲಿ ಸುತ್ತತೊಡಗಿತು. ನಾನು ಆಕ್ಸಿಲರೇಟರ್ ಒತ್ತುತ್ತಲೇ ಇದ್ದೆ. ಕೆಸರಿನ ಕೆಳಗಿದ್ದ ಬಂಡೆಯ ತಲೆಗೆ ಟಯರಿನ ಹಲ್ಲು ಕಚ್ಚಿತು. ಟಣ್ ಎಂದು ಒಂದು ಸದ್ದು. ಗಾಡಿ ಎಡಕ್ಕೆ ವಾಲಿ ಕೂತಿತು. ಇಳಿದು ನೋಡಿದರೆ ಹಿಂದಿನ ಎಡಗಾಲಿ ಡ್ರಮ್ಮಿನ ಸಮೇತ ಒಂದು ಮೊಳ ಹೊರಗೆ ಬಂದಿದೆ.

ಮಾರನೆಯ ದಿನ ಬಂದ ಮೇಸ್ತ್ರಿ ತುಂಡನ್ನು ಬೆಳಕಿಗೆ ಹಿಡಿದು ಹೇಳಿದ್ದು ಇಷ್ಟು: “ಇದು ನಿನ್ನೆ ಕಟ್ಟಾಗಿದ್ದಲ್ಲ ಸಾರ್. ನೀವು ಟಯರು ಹಾಕ್ಸಿದ ದಿನದಿಂದ ಕಟ್ಟಾಗ್ತಾ ಬಂದಿದೆ. ನಿನ್ನೆ ಮುಗೀತು ಅಷ್ಟೆ.”

ಅವರು ತೋರಿಸಿದ ನಯವಾದ ಗೆರೆಗಳೇ ಸಾಕ್ಷಿ. ಕೀ ಕಾಲುವೆಯ ಚೂಪು ಮೂಲೆಯಲ್ಲಿ ಹುಟ್ಟಿದ ಕೂದಲೆಳೆಯ ಬಿರುಕು ಗಾಲಿ ಸುತ್ತಿದಂತೆಲ್ಲ ಸ್ವಲ್ಪ ಸ್ವಲ್ಪವೇ ಒಳಗೆ ತಿಂದುಕೊಂಡು ಹೋಗಿತ್ತು. ಹರಳು ಹರಳಾದ ಭಾಗ ಮಾತ್ರ ಆ ಒಂದು ಏಟಿಗೆ ಮುರಿದದ್ದು. ತಪ್ಪು ಜೀಪಿನದಲ್ಲ, ನನ್ನದು. ಈಗ ಹಾಸನ, ಸಕಲೇಶಪುರದ ಕಡೆ ವಾರಾಂತ್ಯಕ್ಕೆ ತೋಟದ ದಾರಿ ಹತ್ತುವ ಎಷ್ಟೋ ಹುಡುಗರ ಗಾಡಿಗಳಲ್ಲಿ ಅದೇ ತಪ್ಪನ್ನು ಕಾಣುತ್ತಿದ್ದೇನೆ. ಟಯರು ಕಣ್ಣಿಗೆ ಕಾಣುತ್ತದೆ, ಆಕ್ಸಲ್ ಕಾಣುವುದಿಲ್ಲ. ಆದ್ದರಿಂದ ದುಡ್ಡೆಲ್ಲ ಟಯರಿಗೆ ಹೋಗುತ್ತದೆ.

ಆಕ್ಸಲ್ಲಿಗೆ ಅಚ್ಚು ಎಂಬ ಮಾತು ನಮಗೆ ಎತ್ತಿನ ಗಾಡಿಯಿಂದ ಬಂದದ್ದು. ಕೆಲವು ಕಡೆ ಇರುಸು ಎನ್ನುತ್ತಾರೆ. ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ಬೆರಳು ಕೊಟ್ಟು ಕಾಪಾಡಿದ ಕಥೆ ಹೇಳುವ ಅಜ್ಜಿಯರಿಗೂ ಗೊತ್ತಿತ್ತು, ಗಾಡಿಯ ಜೀವ ಇರುವುದು ಅಲ್ಲಿ ಎಂದು. ಆದರೆ ಎತ್ತಿನ ಗಾಡಿಯ ಅಚ್ಚು ತಿರುಗುವುದಿಲ್ಲ. ಅದು ಭಾರ ಹೊರುತ್ತದೆ, ಗಾಲಿ ಅದರ ತುದಿಯಲ್ಲಿ ಸುಮ್ಮನೆ ಸುತ್ತುತ್ತದೆ. ಎಳೆಯುವ ಬಲ ಬರುವುದು ನೊಗದಿಂದ. ಅದಕ್ಕೆ ಬಾಗುವ ಕಷ್ಟ ಉಂಟು, ತಿರುಚುವ ಕಷ್ಟ ಇಲ್ಲ.

ಜೀಪಿನಲ್ಲಿ ಎಳೆಯುವ ಬಲ ಬರುವುದೇ ಅಚ್ಚಿನ ಮೂಲಕ. ಎಂಜಿನ್ನು ತಿರುಗಿಸುತ್ತದೆ, ಬಂಡೆ ತಡೆಯುತ್ತದೆ, ನಡುವೆ ಸಿಕ್ಕ ಶಾಫ್ಟು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಇದರ ಜೊತೆಗೆ ಗಾಡಿಯ ಭಾರವನ್ನೂ ಅದೇ ಹೊರಬೇಕೇ ಬೇಡವೇ? ಆಕ್ಸಲ್ ಆರಿಸುವವನು ಕೇಳಬೇಕಾದ ಮೊದಲ ಪ್ರಶ್ನೆ ಇದು. ದಪ್ಪ, ಉಕ್ಕು, ಕಂಪನಿ ಎಲ್ಲ ಆಮೇಲೆ.

ಭಾರವನ್ನೂ ಹೊರುವ ಜಾತಿಗೆ ಸೆಮಿ ಫ್ಲೋಟಿಂಗ್ ಎನ್ನುತ್ತಾರೆ. ಶಾಫ್ಟಿನ ಹೊರತುದಿಯಲ್ಲಿ ಒಂದು ಬೇರಿಂಗ್, ಅದರಾಚೆ ಗಾಲಿ. ನಮ್ಮ ಹೆಚ್ಚಿನ ಜೀಪು, ಪಿಕಪ್ಪುಗಳ ಹಿಂದಿನ ಆಕ್ಸಲ್ ಈ ಬಗೆಯದು. ಶಾಫ್ಟು ತಿರುಗುತ್ತಲೇ ಬಾಗುತ್ತದೆ. ಪ್ರತಿ ಸುತ್ತಿಗೂ ಮೇಲ್ಮೈಯ ಒಂದೊಂದು ಬಿಂದುವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. ತಂತಿಯನ್ನು ಆಚೀಚೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಹಾಗೆಯೇ. ಅಗಲದ ಟಯರು ಒಳಗೆ ಉಜ್ಜುತ್ತದೆಂದು ಹೊರಕ್ಕೆ ಚಾಚಿದ ಡಿಸ್ಕು ಹಾಕಿಸಿದರೆ, ಅಥವಾ ಹಬ್ಬಿಗೂ ಡಿಸ್ಕಿಗೂ ನಡುವೆ ಸ್ಪೇಸರ್ ಕೂರಿಸಿದರೆ ಸನ್ನೆಕೋಲು ಉದ್ದವಾಗಿ ಈ ಬಾಗು ಇನ್ನೂ ಹೆಚ್ಚುತ್ತದೆ. ನಾನು ಮಾಡಿದ್ದು ಅದನ್ನೇ. ಶಾಫ್ಟು ಬೇರಿಂಗಿನ ಹೊರಗೆ ಮುರಿದರೆ ಗಾಲಿಯನ್ನು ಹಿಡಿದುಕೊಳ್ಳಲು ಬೇರೆ ಏನೂ ಇರುವುದಿಲ್ಲ. ಏರಿನಲ್ಲಿ ಮುರಿದದ್ದರಿಂದ ನಾವು ಉಳಿದೆವು. ಅದೇ ಬಿರುಕು ಶಿರಾಡಿ ಘಾಟಿಯ ಇಳಿಜಾರಿನಲ್ಲಿ ಬಾಯಿ ಬಿಟ್ಟಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಇನ್ನೊಂದು ಜಾತಿ ಫುಲ್ ಫ್ಲೋಟಿಂಗ್. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ನಿಂತ ಯಾವ ಲಾರಿಯ ಹಿಂದಿನ ಗಾಲಿಯನ್ನಾದರೂ ನೋಡಿ. ಹಬ್ಬಿನ ನಡುವೆ ಒಂದು ಉಬ್ಬಿದ ತಟ್ಟೆ, ಅದರ ಸುತ್ತ ಸ್ಟಡ್ಡುಗಳು. ಆ ತಟ್ಟೆಯೇ ಆಕ್ಸಲ್ ಶಾಫ್ಟಿನ ತುದಿ. ಹಬ್ಬು ಎರಡು ಬೇರಿಂಗಿನ ಮೇಲೆ ಹೌಸಿಂಗ್ ಕೊಳವೆಯ ತುದಿಯಲ್ಲಿ ಕೂತಿರುತ್ತದೆ, ಎತ್ತಿನ ಗಾಡಿಯ ಗುಂಬ ಅಚ್ಚಿನ ಮೇಲೆ ಕೂತ ಹಾಗೆ. ಭಾರವೆಲ್ಲ ಹೌಸಿಂಗಿಗೆ, ತಿರುಚು ಮಾತ್ರ ಶಾಫ್ಟಿಗೆ. ಘಾಟಿಯಲ್ಲಿ ಆಕ್ಸಲ್ ಕಟ್ಟಾಗಿ ನಿಂತ ಲಾರಿಯ ಗಾಲಿ ಕಳಚಿ ಉರುಳದೆ ಇದ್ದಲ್ಲೇ ಇರುವುದು ಇದರಿಂದ. ಕ್ಲೀನರ್ ಹುಡುಗ ಸ್ಟಡ್ ಬಿಚ್ಚಿ ಮುರಿದ ಶಾಫ್ಟನ್ನು ಎಳೆದು ರಸ್ತೆ ಬದಿಗೆ ಇಡುತ್ತಾನೆ. ಲಾರಿ ಎಲ್ಲ ಗಾಲಿಗಳ ಮೇಲೂ ಹಾಗೇ ನಿಂತಿರುತ್ತದೆ.

1941ರಿಂದ ಯುದ್ಧಕ್ಕೆಂದು ತಯಾರಾದ ವಿಲ್ಲೀಸ್ ಎಂಬಿ ಜೀಪಿನ ಹಿಂದಿನ ಆಕ್ಸಲ್ ಕೂಡ ಫುಲ್ ಫ್ಲೋಟಿಂಗೇ ಆಗಿತ್ತು. ಅದರ ಗಾಲಿ ಇಂದಿನ ಲೆಕ್ಕಕ್ಕೆ ಚಿಕ್ಕದು, 6.00-16 ಅಳತೆಯದು. ಯುದ್ಧ ಮುಗಿದು ಜೀಪು ಹೊಲಕ್ಕೂ ಪೇಟೆಗೂ ಬಂದ ಮೇಲೆ ಸೆಮಿ ಫ್ಲೋಟಿಂಗ್ ಆಕ್ಸಲ್ ಬಂತು. ನಮ್ಮ ದೇಶದಲ್ಲಿ 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ ಸ್ವಾತಂತ್ರ್ಯದ ಆಚೀಚೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ಜೋಡಿಸತೊಡಗಿದ್ದು ಆ ವಿಲ್ಲೀಸ್ ವಂಶದ ಜೀಪುಗಳನ್ನೇ. ಮಲೆನಾಡಿನ ತೋಟಗಳಿಗೆ ಕೂಲಿಯಾಳು, ಗೊಬ್ಬರದ ಮೂಟೆ, ಹೆರಿಗೆ ನೋವಿನ ಹೆಂಗಸರು ಎಲ್ಲರನ್ನೂ ಹೊತ್ತು ತಿರುಗಿದವು ಅವು. ಕಂಪನಿ ಕೊಟ್ಟ ಟಯರಿನಲ್ಲೇ ತಿರುಗಿದವು ಎಂಬುದನ್ನು ಮರೆಯಬಾರದು.

ಟಯರು ದೊಡ್ಡದಾದರೆ ಶಾಫ್ಟಿಗೆ ಏನಾಗುತ್ತದೆ? 2010ರಲ್ಲಿ ಬಂದ ಮಹೀಂದ್ರದ ಮೊದಲ ಥಾರ್ ಜೀಪಿನ ಟಯರು 235/70 ಆರ್16, ಎತ್ತರ ಸುಮಾರು 29 ಇಂಚು. ಅಂದರೆ ನೆಲದಿಂದ ಶಾಫ್ಟಿನ ನಡುವಿಗೆ 37 ಸೆಂಟಿಮೀಟರ್. 35 ಇಂಚಿನ ಟಯರು ಹಾಕಿದರೆ ಅದು 44 ಆಗುತ್ತದೆ. ಒಂದು ಗಾಲಿ ಬಂಡೆಗೆ ಕಚ್ಚಿಕೊಂಡು 500 ಕೆಜಿ ಬಲದಿಂದ ದಬ್ಬುತ್ತಿದೆ ಎನ್ನೋಣ. ಮೊದಲಿನದರಲ್ಲಿ ಶಾಫ್ಟಿನ ಮೇಲೆ ಬೀಳುವ ತಿರುಚು 184 ಕೆಜಿ-ಮೀಟರ್, ಎರಡನೆಯದರಲ್ಲಿ 222. ಐದರಲ್ಲೊಂದು ಪಾಲು ಹೆಚ್ಚು. “ಅಷ್ಟೇನಾ” ಎಂದು ಸಮಾಧಾನ ಆಗಬಹುದು. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ.

ಎಂಜಿನ್ನಿನಿಂದ ಹೊರಟ ಬಲ ಮೊದಲನೇ ಗೇರು, ಲೋ ರೇಂಜು, ಕ್ರೌನ್ ಪಿನಿಯನ್ ಮೂರನ್ನೂ ದಾಟಿ ಬರುವಾಗ ಸುಮಾರು ಮೂವತ್ತು ಪಟ್ಟು ಬೆಳೆದಿರುತ್ತದೆ. ಶಾಫ್ಟನ್ನು ಮುರಿಯುವಷ್ಟು ಬಲ ಎಂಜಿನ್ನಿನಲ್ಲಿ ಯಾವಾಗಲೂ ಇದೆ. ಇಷ್ಟು ದಿನ ಮುರಿಯದೆ ಉಳಿಸಿದ್ದು ಟಯರಿನ ಜಾರುವಿಕೆ. ಸಣ್ಣ ಟಯರು ಸೋತು ಜಾರಿಬಿಡುತ್ತಿತ್ತು. ಗಾಳಿ ಇಳಿಸಿದ, ದಪ್ಪ ಹಲ್ಲಿನ ದೊಡ್ಡ ಟಯರು ಜಾರುವುದಿಲ್ಲ, ಕಚ್ಚುತ್ತದೆ. ಸೋಲುವ ಸರದಿ ಆಗ ಶಾಫ್ಟಿನದು. ಟಯರಿನ ತೂಕವೂ ಇದೆ. ಭಾರದ ಗಾಲಿ ಕೆಸರಲ್ಲಿ ರಭಸವಾಗಿ ಸುತ್ತುತ್ತಿರುವಾಗ ಬೀಸುಕಲ್ಲಿನಂತೆ ವೇಗ ಕೂಡಿಟ್ಟುಕೊಂಡಿರುತ್ತದೆ. ಅದು ಬೇರಿಗೋ ಬಂಡೆಗೋ ತಗುಲಿ ತಟ್ಟನೆ ನಿಂತರೆ ಆ ವೇಗವೆಲ್ಲ ಒಂದು ಕ್ಷಣದಲ್ಲಿ ಶಾಫ್ಟಿನ ಮೇಲೆ ಸುತ್ತಿಗೆ ಏಟಾಗಿ ಬೀಳುತ್ತದೆ. ಕೆಸರು ಯಾವತ್ತೂ ಆಕ್ಸಲ್ ಮುರಿಯುವುದಿಲ್ಲ, ಮುರಿಯುವುದು ಕೆಸರಿನ ಕೆಳಗಿನ ಗಟ್ಟಿ.

ಟಯರಿಗಿಂತಲೂ ಶಾಫ್ಟಿಗೆ ಹೆಚ್ಚು ಕಷ್ಟ ಕೊಡುವುದು ಡಿಫರೆನ್ಷಿಯಲ್ ಲಾಕ್. ಇದನ್ನು ಜೀಪಿನವರಿಗಿಂತ ಚೆನ್ನಾಗಿ ಹೊಳೆನರಸೀಪುರದ ಗದ್ದೆ ಬಯಲಿನ ಟ್ರ್ಯಾಕ್ಟರ್ ಚಾಲಕರು ಬಲ್ಲರು. ಹೇಮಾವತಿ ನಾಲೆಯ ನೀರು ಕಟ್ಟಿದ ಗದ್ದೆಯಲ್ಲಿ ಒಂದು ಗಾಲಿ ಹೂತು ಸುತ್ತತೊಡಗಿದರೆ ಹಿಮ್ಮಡಿಯಿಂದ ಪೆಡಲ್ ಒತ್ತುತ್ತಾರೆ, ಎರಡು ಗಾಲಿಯೂ ಒಂದಾಗಿ ಎಳೆಯುತ್ತವೆ, ಟ್ರ್ಯಾಕ್ಟರ್ ಮೇಲೆದ್ದ ಕೂಡಲೇ ಕಾಲು ತೆಗೆಯುತ್ತಾರೆ. ತಿರುವಿನಲ್ಲಿ ಯಾರೂ ಒತ್ತುವುದಿಲ್ಲ. ಲಾಕ್ ಇಲ್ಲದ ಡಿಫರೆನ್ಷಿಯಲ್ ಎರಡು ಗಾಲಿಗೂ ಸಮ ಬಲ ಹಂಚುತ್ತದೆ. ಒಂದು ಗಾಲಿ ಗಾಳಿಯಲ್ಲಿ ಸುತ್ತುತ್ತಿದ್ದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ. ಗಾಡಿ ಏಳುವುದಿಲ್ಲ, ಆದರೆ ಶಾಫ್ಟು ಬದುಕುತ್ತದೆ. ಲಾಕ್ ಹಾಕಿದೊಡನೆ ನೆಲದ ಮೇಲಿರುವ ಒಂದೇ ಗಾಲಿಯ ಶಾಫ್ಟಿಗೆ ಎರಡು ಶಾಫ್ಟಿನ ಕೆಲಸ. ದೊಡ್ಡ ಟಯರು, ಲಾಕರ್ ಎರಡನ್ನೂ ಹಾಕಿಸಿ ಹಳೆ ಶಾಫ್ಟನ್ನೇ ಉಳಿಸಿಕೊಳ್ಳುವುದು ನನ್ನ ಮಟ್ಟಿಗೆ ಅತ್ಯಂತ ಕೆಟ್ಟ ಜೋಡಣೆ.

ಇನ್ನು ದಪ್ಪದ ಮಾತು. ತಿರುಚನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ದಪ್ಪ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಅಮೆರಿಕದ ಡಾನಾ ಆಕ್ಸಲ್‌ಗಳು ಜಗತ್ತಿನೆಲ್ಲೆಡೆ ಆಫ್‌ರೋಡ್ ಜನರಿಗೆ ಅಳತೆಗೋಲು ಇದ್ದ ಹಾಗೆ. ಸಾಮಾನ್ಯ ರೂಪದಲ್ಲಿ ಡಾನಾ 30ರ ಶಾಫ್ಟಿನ ಒಳತುದಿಯ ಸ್ಪ್ಲೈನ್ 27 ಹಲ್ಲಿನದು, 29.5 ಮಿ.ಮೀ. ದಪ್ಪ. ಡಾನಾ 44ರದ್ದು 30 ಹಲ್ಲು, 33.3 ಮಿ.ಮೀ. ಡಾನಾ 60ರದ್ದು 35 ಹಲ್ಲು, 38.1 ಮಿ.ಮೀ. ಮೂವತ್ತರಿಂದ ನಲವತ್ತನಾಲ್ಕಕ್ಕೆ ಹೋದರೆ ದಪ್ಪ ಹೆಚ್ಚುವುದು ನಾಲ್ಕು ಮಿಲಿಮೀಟರಿಗೂ ಕಡಿಮೆ, ಶಕ್ತಿ ಹೆಚ್ಚುವುದು ಶೇ. 44. ಅಲ್ಲಿಂದ ಅರವತ್ತಕ್ಕೆ ಇನ್ನೂ ಶೇ. 50. ಟಯರಿನ ಅಂಗಡಿಯಲ್ಲಿ ಇಂಚು ಎಣಿಸುವ ನಾವು ಇಲ್ಲಿ ಮಿಲಿಮೀಟರ್ ಎಣಿಸುವುದನ್ನು ಕಲಿಯಬೇಕು.

ಹಲ್ಲಿನ ಸಂಖ್ಯೆ ನೋಡಿ ಮೋಸ ಹೋಗಬಾರದು. ಶಾಫ್ಟಿನ ನಿಜವಾದ ದಪ್ಪ ಹಲ್ಲಿನ ತಲೆಯಲ್ಲಿ ಅಳೆಯುವಂಥದ್ದಲ್ಲ, ಹಲ್ಲಿನ ಬುಡದಲ್ಲಿ ಅಳೆಯುವಂಥದ್ದು. ಒಳ್ಳೆಯ ಶಾಫ್ಟು ಮಾಡುವವರು ನಡುಮೈಯನ್ನೂ ಹಲ್ಲಿನ ಬುಡದಷ್ಟಕ್ಕೇ ತೆಳ್ಳಗೆ ಮಾಡಿ ಬಿಡುತ್ತಾರೆ. ಮೊದಲ ಸಲ ನೋಡಿದಾಗ ಉಕ್ಕು ಉಳಿಸಿದ್ದಾರೆ ಎನಿಸುತ್ತದೆ. ಹಾಗಲ್ಲ. ನಡುಮೈ ದಪ್ಪವಾಗಿದ್ದರೆ ತಿರುಚೆಲ್ಲ ಹಲ್ಲಿನ ಎರಡಂಗುಲದಲ್ಲಿ ಬಂದು ಸೇರುತ್ತದೆ. ಒಂದೇ ದಪ್ಪ ಇದ್ದರೆ ಉದ್ದಕ್ಕೂ ಹಂಚಿಹೋಗಿ ಶಾಫ್ಟು ಸ್ಪ್ರಿಂಗಿನಂತೆ ತುಸು ತಿರುಚಿ ಮತ್ತೆ ನೆಟ್ಟಗಾಗುತ್ತದೆ, ಏಟನ್ನು ನುಂಗಿಕೊಳ್ಳುತ್ತದೆ. ದಪ್ಪದಿಂದ ತೆಳುವಿಗೆ ಇಳಿಯುವ ಮೂಲೆ ಚೂಪಾಗಿರಬಾರದು, ಬೆರಳು ಜಾರುವಂತೆ ದುಂಡಗಿರಬೇಕು. ಬಿರುಕು ಹುಟ್ಟುವುದೇ ಚೂಪು ಮೂಲೆಯಲ್ಲಿ. ಮೇಜಿನ ಮೇಲಿನ ತುಂಡು ನನಗೆ ದಿನವೂ ಇದನ್ನೇ ಹೇಳುತ್ತದೆ.

ಉಕ್ಕಿನ ವಿಷಯಕ್ಕೆ ಬಂದರೆ ನಮ್ಮ ಲೇತ್ ಅಂಗಡಿಗಳಲ್ಲಿ ಓಡುವ ಭಾಷೆ ಇಎನ್ ನಂಬರಿನದು. ಬ್ರಿಟಿಷರ ಹಳೆಯ ಪಟ್ಟಿಯಿಂದ ಉಳಿದುಬಂದ ಹೆಸರುಗಳು ಇವು. ಇಎನ್8 ಎಂದರೆ ಶೇ. 0.4ರ ಆಸುಪಾಸು ಇಂಗಾಲ ಇರುವ ಸಾದಾ ಉಕ್ಕು. ಇಎನ್19ರಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಸೇರುತ್ತವೆ. ಇಎನ್24ರಲ್ಲಿ ಅವೆರಡರ ಜೊತೆ ನಿಕಲ್ಲೂ ಇರುತ್ತದೆ. ಅಮೆರಿಕದವರು 4340 ಎಂದು ಕರೆಯುವುದು ಇದನ್ನೇ ಎನ್ನಬಹುದು. ಅಲ್ಲಿ ಬಲವಾದ ಆಫ್‌ರೋಡ್ ಶಾಫ್ಟುಗಳು ಹೆಚ್ಚಾಗಿ ಇದರಲ್ಲೇ ಆಗುತ್ತವೆ. ಹದ ಮಾಡಿದ ಇಎನ್24 ಒಂದು ಚದರ ಮಿಲಿಮೀಟರಿಗೆ ಸುಮಾರು 85ರಿಂದ 100 ಕೆಜಿ ಎಳೆತ ತಡೆಯುತ್ತದೆ. ಸಾದಾ ಇಎನ್8ಕ್ಕೆ 55ರ ಸುಮಾರು.

ಹದ ಮಾಡಿದ ಎಂಬ ಮಾತನ್ನು ಒತ್ತಿ ಹೇಳಬೇಕು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಸಣ್ಣ ಬಿಸಿಯಲ್ಲಿ ಇಳಿಸಿದಾಗ ಮಾತ್ರ ಆ ಶಕ್ತಿ ಬರುತ್ತದೆ. ಸರಳು ತಂದು ಲೇತಿನಲ್ಲಿ ತಿರುವಿ, ಹಲ್ಲು ಕೊರೆದು, ಹಾಗೇ ಕೈಗೆ ಕೊಟ್ಟರೆ ಇಎನ್24 ಎಂಬ ಹೆಸರಿಗೆ ಕೊಟ್ಟ ದುಡ್ಡು ದಂಡ. ಕಂಪನಿಯಿಂದ ಬರುವ ಶಾಫ್ಟು ಅನೇಕ ಸಲ ಸಾದಾ ಉಕ್ಕಿನದೇ. ಆದರೆ ವಿದ್ಯುತ್ ಸುರುಳಿಯಲ್ಲಿ ಕಾಯಿಸಿ ಅದರ ಮೇಲ್ಚರ್ಮವನ್ನು ಮಾತ್ರ ಗಡುಸು ಮಾಡಿರುತ್ತಾರೆ, ಒಳಗಿನ ತಿರುಳು ಮೆತ್ತಗೆ ಉಳಿಯುತ್ತದೆ. ಇದು ಜಾಣತನದ ಕೆಲಸ. ತಿರುಚಿನ ಕಷ್ಟ ಹೆಚ್ಚು ಬೀಳುವುದು ಮೇಲ್ಮೈಗೇ. ನಡುವಿನ ಅರ್ಧ ವ್ಯಾಸದ ತಿರುಳು ಹೊರುವುದು ಒಟ್ಟು ತಿರುಚಿನ ಹದಿನಾರರಲ್ಲಿ ಒಂದು ಪಾಲನ್ನು ಮಾತ್ರ. ಇಂಥ ಶಾಫ್ಟನ್ನು ಬೇರೆ ಹೌಸಿಂಗಿಗೆ ಹೊಂದಿಸಲೆಂದು ಲೇತಿನಲ್ಲಿ ಒಂದೆರಡು ಮಿಲಿಮೀಟರ್ ಹೆರೆದರೆ ಹೋಗುವುದು ಆ ಗಡುಸು ಚರ್ಮವೇ. ಹೆರೆಯಬೇಡಿ. ಮುರಿದದ್ದಕ್ಕೆ ವೆಲ್ಡಿಂಗ್ ಮಾಡಿಸಿ ತಿರುವಿಸುವುದಂತೂ ಬೇಡವೇ ಬೇಡ. ವೆಲ್ಡಿನ ಪಕ್ಕದ ಉಕ್ಕು ಹದ ಕಳೆದುಕೊಂಡು ಪೆಡಸಾಗುತ್ತದೆ, ಮುಂದಿನ ಸಲ ಅಲ್ಲೇ ಮುರಿಯುತ್ತದೆ. ಹೊಸದಾಗಿ ಮಾಡಿಸುವುದಾದರೆ ಬೆಂಗಳೂರಿನ ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಘಟಕಗಳಿವೆ. ಕೆಲಸ ಮುಗಿದ ಮೇಲೆ ಗಡುಸು ಎಷ್ಟು ಬಂತು ಎಂಬ ಅಂಕಿಯನ್ನು ಕಾಗದದ ಮೇಲೆ ಕೇಳಿ ಪಡೆಯಿರಿ.

ನಮ್ಮಲ್ಲಿ ಹೆಚ್ಚಿನವರು ಹೋಗುವುದು ಗುಜರಿಗೆ. ಅದರಲ್ಲಿ ತಪ್ಪಿಲ್ಲ, ಹಳೆಯ ಗಾಡಿಗಳ ಒಳ್ಳೆಯ ಶಾಫ್ಟು ಅಲ್ಲಿಯೇ ಸಿಗುವುದು. ಆದರೆ ಕಣ್ಣಿಟ್ಟು ನೋಡಬೇಕು. ಹಲ್ಲಿನ ಸಾಲುಗಳ ಉದ್ದಕ್ಕೆ ಒಂದು ಉಕ್ಕಿನ ಸ್ಕೇಲು ಹಿಡಿಯಿರಿ. ಸಾಲು ಕೂದಲೆಳೆಯಷ್ಟು ಓರೆಯಾಗಿದ್ದರೂ ಆ ಶಾಫ್ಟು ಒಮ್ಮೆ ತಿರುಚಿಹೋಗಿ ಸೋತಿದೆ ಎಂದರ್ಥ, ಕೆಳಗಿಡಿ. ಬಿರುಕು ನೋಡಲು ಹಳೆಯ ಮೇಸ್ತ್ರಿಗಳ ಒಂದು ಉಪಾಯ ಇಂದಿಗೂ ನಂಬಿಕೆಗೆ ಅರ್ಹ. ಶಾಫ್ಟನ್ನು ಚೆನ್ನಾಗಿ ತೊಳೆದು ಸೀಮೆಎಣ್ಣೆಯಲ್ಲಿ ಸ್ವಲ್ಪ ಹೊತ್ತು ನೆನೆಸಿ, ಒಣ ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚುತ್ತಾರೆ. ಬಿರುಕಿನೊಳಗೆ ಹೊಕ್ಕ ಎಣ್ಣೆ ನಿಧಾನಕ್ಕೆ ಹೊರಬಂದು ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಕೀ ಕಾಲುವೆಯ ಮೂಲೆ, ಬೇರಿಂಗ್ ಕೂರುವ ಅಂಚು, ತಟ್ಟೆಯ ಬುಡ, ಹಲ್ಲು ಮುಗಿಯುವ ಜಾಗ, ಈ ನಾಲ್ಕು ಕಡೆ ವಿಶೇಷವಾಗಿ ನೋಡಿ. ಹಾಕುವ ಮುಂಚೆ ಶಾಫ್ಟಿನ ಉದ್ದಕ್ಕೂ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ವರ್ಷಕ್ಕೊಮ್ಮೆ ಹೊರಗೆಳೆದಾಗ ಆ ಗೆರೆ ಬಳ್ಳಿಯಂತೆ ಸುತ್ತಿದ್ದರೆ ಬದಲಾಯಿಸುವ ಕಾಲ ಬಂದಿದೆ.

ಮುಂದಿನ ಆಕ್ಸಲ್ಲಿನ ಕಥೆ ಸ್ವಲ್ಪ ಬೇರೆ. ಅಲ್ಲಿ ಶಾಫ್ಟಿಗಿಂತ ಮೊದಲು ಸೋಲುವುದು ಸ್ಟೇರಿಂಗ್ ತಿರುಗುವಲ್ಲಿರುವ ಕೂಡುಕೀಲು. ಕ್ರಾಸ್ ಇರುವ ಕೂಡುಕೀಲಿನಲ್ಲಿ ಗಾಲಿ 35 ಡಿಗ್ರಿ ತಿರುಗಿದ್ದಾಗ ತಿರುಚು ಒಂದೊಂದು ಗಳಿಗೆಗೆ ಶೇ. 22ರಷ್ಟು ಮೇಲೇರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಕೊರಕಲಿನಿಂದ ಮೇಲೇಳಲು ಎಂಜಿನ್ ಅರಚಿಸುವವರು ಇದನ್ನು ನೆನಪಿಡಬೇಕು. ಗಾಲಿ ನೇರ ಮಾಡಿಕೊಳ್ಳಿ, ಆಮೇಲೆ ಒತ್ತಿ.

ಇಷ್ಟೆಲ್ಲ ಬಲಪಡಿಸಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಶಾಫ್ಟು ಮುರಿಯದಿದ್ದರೆ ಮುಂದೆ ಮುರಿಯುವುದು ಯಾವುದು? ಕ್ರೌನ್ ಪಿನಿಯನ್ ಹಲ್ಲು ಉದುರಿದರೆ ಕಾಡಿನ ನಡುವೆ ಯಾರೂ ರಿಪೇರಿ ಮಾಡಲಾರರು. ಫುಲ್ ಫ್ಲೋಟಿಂಗ್ ಆಕ್ಸಲ್ಲಿನ ಶಾಫ್ಟು ಮುರಿದರೆ ಬೇರೊಂದನ್ನು ಅರ್ಧ ಗಂಟೆಯಲ್ಲಿ ತೂರಿಸಬಹುದು. ಆದ್ದರಿಂದ ನನ್ನ ಆಯ್ಕೆ ಹೀಗೆ. ಟಯರು 33 ಇಂಚು ದಾಟುವುದಾದರೆ ಫುಲ್ ಫ್ಲೋಟಿಂಗ್, 33 ಮಿ.ಮೀ.ಗೆ ಕಡಿಮೆ ಇಲ್ಲದ, ಸರಿಯಾಗಿ ಹದವಾದ ಶಾಫ್ಟು, ಜೊತೆಗೆ ಎಡಕ್ಕೊಂದು ಬಲಕ್ಕೊಂದು ಹೆಚ್ಚುವರಿ ಶಾಫ್ಟು ಗಾಡಿಯಲ್ಲೇ. ಅಷ್ಟು ಖರ್ಚು ಮಾಡಲಾಗದಿದ್ದರೆ ಟಯರು ಚಿಕ್ಕದು ಮಾಡಿ. ಟ್ರ್ಯಾಕ್ಟರನ್ನು ನೋಡಿ, ಆಳೆತ್ತರದ ಗಾಲಿ ಇದ್ದರೂ ಅದರ ಡಿಫರೆನ್ಷಿಯಲ್ಲಿನ ಮೇಲೆ ಅಷ್ಟು ಕಷ್ಟ ಬೀಳುವುದಿಲ್ಲ. ಗಾಲಿಯ ಹತ್ತಿರವೇ ಇನ್ನೊಂದು ಜೋಡಿ ಗೇರು ಇಟ್ಟು ಬಲವನ್ನು ಕೊನೆಯಲ್ಲಿ ಹೆಚ್ಚಿಸಿದ್ದಾರೆ. ಜರ್ಮನಿಯ ಯುನಿಮಾಗ್‌ನ ಪೋರ್ಟಲ್ ಆಕ್ಸಲ್ಲಿನಲ್ಲೂ ಇದೇ ತತ್ವ. ದೊಡ್ಡ ಗಾಲಿ ಬೇಕಾದವರು ಮೊದಲಿನಿಂದಲೇ ಹಾಗೆ ಕಟ್ಟಿದ್ದಾರೆ, ಗಾಲಿ ತಂದು ಆಮೇಲೆ ಯೋಚಿಸಿದ್ದಲ್ಲ.

ನಮ್ಮ ಕಡೆಯ ನೆಲಕ್ಕೆ 35 ಇಂಚು ಬೇಕೇ ಎಂಬುದನ್ನೂ ಕೇಳಿಕೊಳ್ಳಬೇಕು. ಚನ್ನರಾಯಪಟ್ಟಣದ ತೆಂಗಿನ ತೋಟ, ಹಾಸನದ ಆಲೂಗಡ್ಡೆ ಹೊಲದ ಕೆಂಪು ಮಣ್ಣು, ಅರಕಲಗೂಡಿನ ಹೊಗೆಸೊಪ್ಪಿನ ಹೊಲದ ದಾರಿ, ಇಲ್ಲೆಲ್ಲ ಕಂಪನಿ ಅಳತೆಯ ಒಳ್ಳೆ ಹಲ್ಲಿನ ಟಯರು ಸಾಕು. 2020ರ ಹೊಸ ಥಾರ್‌ಗೆ ಕಂಪನಿಯೇ ಕೊಟ್ಟ 255/65 ಆರ್18 ಟಯರು ಸುಮಾರು 31 ಇಂಚು ಎತ್ತರ ಇದೆ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಸ್ಪರ್ಧೆಗೆಂದೇ ಕಟ್ಟಿದ ಗಾಡಿಯನ್ನು ಲಾರಿಯ ಮೇಲೆ ಹೇರಿಕೊಂಡು ಒಯ್ಯುವವರ ಮಾತು ಬೇರೆ. ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವವರಿಗೆ ಈ ಮಾತು.

ಟಯರಿಗೆ ಮುಂಗಡ ಕೊಡುವ ಮುಂಚೆ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ನಿಮ್ಮ ಮೇಸ್ತ್ರಿಯ ಹತ್ತಿರ ಹೋಗಿ ಹಿಂದಿನ ಎರಡೂ ಗಾಲಿ ಬಿಚ್ಚಿಸಿ, ಶಾಫ್ಟು ಹೊರಗೆಳೆಸಿ, ಸೀಮೆಎಣ್ಣೆಯಲ್ಲಿ ನೆನೆಸಿ ಒರೆಸಿ, ಸುಣ್ಣದ ಪುಡಿ ಹಚ್ಚಿ ಹತ್ತು ನಿಮಿಷ ಕಾದು ನೋಡಿ.